ಅಪರೂಪದ ಚೆಕ್ ಅಡ್ಡಹೆಸರಿನ ಬೇರು ಹುಡುಕುವುದು ಹೇಗೆ? ‘ನೆಯೆಸ್‌ಖ್ಲೆಬಾ’ ಹಿಡಿದು ಒಂದು ಮಾರ್ಗದರ್ಶಿ

ಕರ್ನಾಟಕದ ಪೇಟೆಬೀದಿಗಳಲ್ಲಿ ಬೋರ್ಡಿನ ಮೇಲೆ ದಿನಾ ಕಾಣುವ ಚೆಕ್ ಅಡ್ಡಹೆಸರೊಂದಿದೆ: ಬಾಟಾ. ಚೆಕ್ ದೇಶದ ಪೂರ್ವಭಾಗವಾದ ಮೊರಾವಿಯಾದ ಜ್ಲೀನ್ ಊರಿನಲ್ಲಿ ತಲೆತಲಾಂತರದಿಂದ ಜೋಡು ಹೊಲಿಯುತ್ತಿದ್ದ ಮನೆತನದ ಹೆಸರು ಅದು. 1894ರಲ್ಲಿ ಅವರು ಕಂಪನಿ ಕಟ್ಟಿದರು, 1930ರ ದಶಕದಲ್ಲಿ ಕೋಲ್ಕತ್ತದ ಬಳಿ ಬಾಟಾನಗರ ಎದ್ದಿತು. ಚೆಕ್ ಬರವಣಿಗೆಯಲ್ಲಿ ಆ ಹೆಸರಿನ ‘ಟಿ’ ಅಕ್ಷರದ ಪಕ್ಕ ಒಂದು ಪುಟ್ಟ ಗುರುತು ಇರುತ್ತದೆ. ಅದರಿಂದಾಗಿ ಉಚ್ಚಾರ ‘ಬತ್ಯ’ಕ್ಕೆ ಹತ್ತಿರ. ದೇಶ ದಾಟುವಾಗ ಆ ಗುರುತು ಬಿದ್ದುಹೋಯಿತು. ಚೆಕ್ ಅಡ್ಡಹೆಸರುಗಳ ಬೆನ್ನುಹತ್ತುವವರಿಗೆ ಎದುರಾಗುವ ತೊಂದರೆಗಳಲ್ಲಿ ಅರ್ಧಕ್ಕರ್ಧ ಇಂಥವೇ: ಗುರುತು ಬಿದ್ದುಹೋಗುವುದು, ಅಕ್ಷರ ಬದಲಾಗುವುದು, ಗಂಡು-ಹೆಣ್ಣು ರೂಪ ಬೇರೆಯಾಗುವುದು.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ‘ನೆಯೆಸ್‌ಖ್ಲೆಬಾ’. ಬರೆಯುವುದು ಎನ್-ಇ-ಜೆ-ಇ-ಝೆಡ್-ಸಿ-ಎಚ್-ಎಲ್-ಇ-ಬಿ-ಎ ಅಕ್ಷರಗಳಲ್ಲಿ. ಅರ್ಥ ‘ರೊಟ್ಟಿ ತಿನ್ನಬೇಡ’. ಇಡೀ ವಾಕ್ಯವೇ ಹೆಸರಾಗಿರುವುದರಿಂದ ಇದು ಕಲಿಯಲು ಬಹಳ ಒಳ್ಳೆಯ ಮಾದರಿ. ನಿಮ್ಮ ಕೈಯಲ್ಲಿರುವ ಹೆಸರು ಬೇರೆಯಾದರೂ ಹೆಜ್ಜೆಗಳು ಇವೇ.

ಶುರುವಿನಲ್ಲೇ ಒಂದು ವಿಷಯ ಖಚಿತ ಮಾಡಿಕೊಳ್ಳಿ. ನಿಘಂಟು ಹೇಳುವುದು ಪದದ ಅರ್ಥ. ಇವತ್ತಿನ ನಕ್ಷೆ ಹೇಳುವುದು ಆ ಹೆಸರಿನವರು ಈಗ ಎಲ್ಲಿ ವಾಸವಾಗಿದ್ದಾರೆ ಎಂಬುದು. ಹೆಸರು ಹುಟ್ಟಿದ ಊರು ಯಾವುದು ಎಂಬುದಕ್ಕೆ ಉತ್ತರ ಇರುವುದು ಹಳೆಯ ಚರ್ಚ್ ಪುಸ್ತಕ ಮತ್ತು ಜಮೀನು ದಾಖಲೆಗಳಲ್ಲಿ ಮಾತ್ರ. ಮೊದಲ ಎರಡನ್ನು ನೋಡಿ ಮೂರನೆಯದರ ತೀರ್ಪು ಕೊಟ್ಟುಬಿಡುವವರೇ ಹೆಚ್ಚು.

ಹೆಜ್ಜೆ 1: ಹೆಸರಿನ ಎಲ್ಲ ರೂಪಗಳನ್ನೂ ಬರೆದಿಟ್ಟುಕೊಳ್ಳಿ

ಹುಡುಕಾಟ ಶುರು ಮಾಡುವ ಮೊದಲೇ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಮೊದಲು ಹೆಣ್ಣು ರೂಪ. ಚೆಕ್‌ನಲ್ಲಿ ಹೆಂಗಸರ ಅಡ್ಡಹೆಸರಿಗೆ ಸಾಮಾನ್ಯವಾಗಿ ‘ಒವಾ’ ಸೇರುತ್ತದೆ. ನೊವಾಕ್ ಹೆಂಡತಿ ನೊವಾಕೊವಾ, ನೆಯೆಸ್‌ಖ್ಲೆಬಾ ಹೆಂಡತಿ ನೆಯೆಸ್‌ಖ್ಲೆಬೊವಾ. ಗುಣವಾಚಕದಂಥ ಹೆಸರಾದರೆ ಕೊನೆಯ ಸ್ವರ ಮಾತ್ರ ಬದಲಾಗುತ್ತದೆ: ನೊವೊಟ್ನೀ ಇದ್ದದ್ದು ನೊವೊಟ್ನಾ. ‘ಈ’ ಅಥವಾ ‘ಯೆ’ ಸ್ವರದಲ್ಲಿ ಮುಗಿಯುವ ಕೆಲವು ಹೆಸರುಗಳು ಗಂಡು ಹೆಣ್ಣು ಇಬ್ಬರಿಗೂ ಒಂದೇ. ಬ್ರ್ನೊದ ರಂಗಭೂಮಿ ಚಿಂತಕ ಇವೊ ಒಸೊಲ್‌ಸೊಬ್ಯೆ (1928–2012) ಅವರ ಅಡ್ಡಹೆಸರು ಅಂಥದ್ದು. 2022ರ ಜನವರಿ 1ರಿಂದ ಮಹಿಳೆಯರು ಕಾರಣ ಕೊಡದೆಯೇ ‘ಒವಾ’ ಇಲ್ಲದ ರೂಪವನ್ನು ಆಯ್ದುಕೊಳ್ಳಬಹುದು. ಹಾಗಾಗಿ ಈಚಿನ ಪಟ್ಟಿಗಳಲ್ಲಿ ಗಂಡು ರೂಪ ಕಂಡ ಮಾತ್ರಕ್ಕೆ ಅದು ಗಂಡಸಿನದೇ ಎಂದುಕೊಳ್ಳುವಂತಿಲ್ಲ.

ಈಗ ನಮ್ಮ ಉದಾಹರಣೆಯಲ್ಲೇ ಇರುವ ಸೂಕ್ಷ್ಮ ನೋಡಿ. ‘ನೆಯೆಸ್‌ಖ್ಲೆಬಾ’ದ ಜೊತೆಗೆ ಕೊನೆಯ ‘ಆ’ ಇಲ್ಲದ ‘ನೆಯೆಸ್‌ಖ್ಲೆಬ್’ ಎಂಬ ರೂಪವೂ ಇದೆ. ಗಂಡಸರಲ್ಲಿ ಇವೆರಡು ಬೇರೆ ಬೇರೆ ಹೆಸರು. ಹೆಂಗಸರಲ್ಲಿ ಮಾತ್ರ ಎರಡಕ್ಕೂ ಒಂದೇ ರೂಪ: ನೆಯೆಸ್‌ಖ್ಲೆಬೊವಾ. ಹೆಂಗಸರ ಸಂಖ್ಯೆಯನ್ನು ಸುಮ್ಮನೆ ಒಂದು ಗಂಡು ರೂಪಕ್ಕೆ ಕೂಡಿಸಿದರೆ ಲೆಕ್ಕ ಉಬ್ಬುತ್ತದೆ. ಎರಡು ಗಂಡು ರೂಪಗಳ ಅನುಪಾತದಲ್ಲಿ ಹೆಂಗಸರ ಸಂಖ್ಯೆಯನ್ನು ಹಂಚಬೇಕು, ಇಲ್ಲವೇ ಗಂಡಸರ ಸಂಖ್ಯೆಯನ್ನು ಮಾತ್ರ ಹೋಲಿಸಬೇಕು. ಎರಡನೆಯದೇ ಸುರಕ್ಷಿತ.

ಮುಂದೆ ಹಳೆಯ ಕಾಗುಣಿತ. 19ನೆಯ ಶತಮಾನದ ನಡುಭಾಗದವರೆಗೆ ಚೆಕ್ ಬರವಣಿಗೆ ಬೇರೆ ಥರ ಇತ್ತು. ಈಗಿನ ‘ವಿ’ ಇರುವಲ್ಲಿ ಡಬ್ಲ್ಯು, ‘ಒ-ಯು’ ಜೋಡಿಗೆ ‘ಎ-ಯು’, ಇವೆರಡೂ ಬಿಟ್ಟುಹೋದದ್ದು 1849ರ ಸುಮಾರಿಗೆ. ‘ಯ’ ಧ್ವನಿಗೆ ಈಗ ಬರೆಯುವ ಜೆ ಅಕ್ಷರದ ಜಾಗದಲ್ಲಿ 1842ರ ಸುಧಾರಣೆಗೆ ಮುಂಚೆ ಜಿ ಅಕ್ಷರ ಬರೆಯುತ್ತಿದ್ದರು. ಅಂದರೆ ನಮ್ಮ ಹೆಸರು ಹಳೆಯ ಪುಸ್ತಕದಲ್ಲಿ ಎನ್-ಇ-ಜಿ ಎಂದು ಶುರುವಾಗುತ್ತದೆ. ಈಗಿನ ಕಾಗುಣಿತ ಹಿಡಿದು ಸೂಚಿಯಲ್ಲಿ ಹುಡುಕಿದವರು ‘ಇಲ್ಲ’ ಎಂದು ಪುಸ್ತಕ ಮುಚ್ಚುವುದು ಇಲ್ಲಿಯೇ.

ಜರ್ಮನ್ ಬಲ್ಲ ಗುಮಾಸ್ತ ಬರೆದರೆ ಇನ್ನೊಂದು ಹಾದಿ. ಚೆಕ್‌ನಲ್ಲಿ ಈ ಹೆಸರಿನ ಝೆಡ್ ಅಕ್ಷರ ಮುಂದಿನ ಧ್ವನಿಯ ಪ್ರಭಾವದಿಂದ ‘ಸ್’ ಆಗಿ ಕೇಳಿಸುತ್ತದೆ. ಅವನು ಎಸ್ ಬರೆಯುತ್ತಾನೆ. ಅದಾದ ಮೇಲೆ ಸಿ-ಎಚ್ ಬಂದಾಗ ಎಸ್-ಸಿ-ಎಚ್ ಆಯಿತು. ಜರ್ಮನ್‌ನಲ್ಲಿ ಅದನ್ನು ‘ಶ’ ಎಂದು ಓದುತ್ತಾರೆ. ಮುಂದಿನ ಗುಮಾಸ್ತ ಆ ಕಾಗದ ನೋಡಿ ‘ನೆಯೆಶ್ಲೆಬಾ’ ಎಂದೇ ನಕಲು ಮಾಡಬಹುದು. ಒಂದೊಂದು ಬದಲಾವಣೆಗೂ ಹೀಗೆ ಕಾರಣ ಹುಡುಕಿ ಪಟ್ಟಿ ಮಾಡಿದರೆ ಏಳೆಂಟು ರೂಪಗಳು ಸಿಗುತ್ತವೆ. ಅಷ್ಟನ್ನೂ ಹುಡುಕಬೇಕು.

ಇನ್ನೊಂದು ಸಣ್ಣ ವಿಷಯ: ಚೆಕ್ ವರ್ಣಮಾಲೆಯಲ್ಲಿ ಸಿ-ಎಚ್ ಜೋಡಿ ಒಂದೇ ಅಕ್ಷರ, ಅದರ ಜಾಗ ಎಚ್ ಆದ ಮೇಲೆ. ಆ ಜೋಡಿಯಿಂದ ಶುರುವಾಗುವ ಹೆಸರನ್ನು ಸಿ ಅಡಿಯಲ್ಲಿ ಹುಡುಕಬೇಡಿ.

ಹೆಜ್ಜೆ 2: ಹೆಸರು ಯಾವ ಬಗೆಯದು ಎಂದು ಗುರುತಿಸಿ

ಬಗೆ ತಿಳಿದರೆ ಎಷ್ಟು ಊರುಗಳಲ್ಲಿ ಆ ಹೆಸರು ಹುಟ್ಟಿರಬಹುದು ಎಂಬ ಅಂದಾಜು ಬರುತ್ತದೆ. ನೊವಾಕ್ ಎಂದರೆ ಊರಿಗೆ ಹೊಸದಾಗಿ ಬಂದವನು. ಹೊಸಬರು ಎಲ್ಲ ಊರಿಗೂ ಬರುತ್ತಾರೆ, ಆದ್ದರಿಂದ ಆ ಹೆಸರು ನೂರಾರು ಕಡೆ ತಾನೇ ತಾನಾಗಿ ಹುಟ್ಟಿತು. ದೇಶದ ಅತಿ ಸಾಮಾನ್ಯ ಅಡ್ಡಹೆಸರು ಇವತ್ತಿಗೂ ಅದೇ. ‘ಸ್ಕೀ’, ‘ಟ್ಸ್ಕೀ’ ಎಂದು ಮುಗಿಯುವವು ಬಹುಪಾಲು ಊರಿನ ಹೆಸರಿನಿಂದ ಬಂದವು. ಒಂದೇ ಹೆಸರಿನ ಊರು ನಾಲ್ಕು ಕಡೆ ಇದ್ದರೆ ಮೂಲವೂ ನಾಲ್ಕಿರಬಹುದು.

ಭೂತಕಾಲದ ಕ್ರಿಯಾಪದವೇ ಹೆಸರಾಗಿರುವುದು ಮತ್ತೊಂದು ಬಗೆ: ನವ್ರಾಟಿಲ್ ಎಂದರೆ ಮರಳಿಸಿದ, ಪೊಸ್ಪೀಶಿಲ್ ಎಂದರೆ ಅವಸರ ಮಾಡಿದ, ದೊಹ್ನಲ್ ಎಂದರೆ ಬೆನ್ನಟ್ಟಿ ಹಿಡಿದ. ಈ ಬಗೆಯವು ಮೊರಾವಿಯಾದಲ್ಲಿ, ಅದರಲ್ಲೂ ಹಾನಾ ಸೀಮೆಯಲ್ಲಿ ದಟ್ಟ. ಕೊನೆಯ ಭಾಗ ‘ಇಲ್’, ‘ಅಲ್’ ಎಂದು ಕಂಡರೆ ಹುಡುಕಾಟವನ್ನು ಅಲ್ಲಿಂದ ಶುರು ಮಾಡುವುದು ಜಾಣತನ.

ನಮ್ಮದು ವಾಕ್ಯನಾಮ. ಇದೇ ಗುಂಪಿನಲ್ಲಿ ಸ್ಕೊಚ್‌ದೊಪೊಲೆ (ಹೊಲಕ್ಕೆ ಜಿಗಿ), ವೀತಾಮ್‌ವಾಸ್ (ನಿಮಗೆ ಸ್ವಾಗತ), ಮೇಲೆ ಹೇಳಿದ ಒಸೊಲ್‌ಸೊಬ್ಯೆ (ನಿನಗೆ ನೀನೇ ಉಪ್ಪು ಹಾಕಿಕೋ) ಬರುತ್ತವೆ. ಯಾರೋ ಒಬ್ಬನ ಬಾಯಲ್ಲಿ ಸದಾ ಇದ್ದ ಮಾತೋ, ಅವನಿಗೆ ಊರವರು ಅಂದ ಮಾತೋ ಅಂಟಿಕೊಂಡು ಹೆಸರಾದವು ಇವು. ‘ನೆಯೆಸ್’ ತಿನ್ನಬೇಡ ಎಂಬ ಆಜ್ಞೆ, ‘ಖ್ಲೆಬಾ’ ಎಂಬುದು ‘ಖ್ಲೆಬ್’ ಪದದ ಷಷ್ಠಿ ರೂಪ. ನಿಷೇಧದ ಕ್ರಿಯಾಪದ ಬಂದಾಗ ಕರ್ಮಪದಕ್ಕೆ ಷಷ್ಠಿ ವಿಭಕ್ತಿ ಹಚ್ಚುವುದು ಹಳೆಯ ಚೆಕ್‌ನ ರೂಢಿ. ಹೆಸರಿನಲ್ಲಿ ಆ ವ್ಯಾಕರಣ ಹಾಗೇ ಉಳಿದಿದೆ. ಇಂಥ ವಿಚಿತ್ರ ಮಾತು ಹತ್ತಾರು ಊರುಗಳಲ್ಲಿ ಬೇರೆ ಬೇರೆಯಾಗಿ ಅಂಟಿಕೊಳ್ಳುವುದು ಕಷ್ಟ. ಆದ್ದರಿಂದ ಒಂದು ಅಥವಾ ಕೆಲವೇ ಮೂಲ ಎಂಬ ಊಹೆಯಿಂದ ಹೊರಡಬಹುದು. ಅದು ಊಹೆ ಎಂಬುದು ನೆನಪಿರಲಿ. ‘ಬರಗಾಲದಲ್ಲಿ ರೊಟ್ಟಿ ಇರಲಿಲ್ಲ, ಅದಕ್ಕೇ ಈ ಹೆಸರು’ ಎಂಬಂಥ ಕಥೆಗಳು ಹೆಸರು ನೋಡಿ ಆಮೇಲೆ ಕಟ್ಟಿದವು. ದಾಖಲೆಯ ಬೆಂಬಲ ಇಲ್ಲದೆ ಅವನ್ನು ವಂಶವೃಕ್ಷಕ್ಕೆ ಸೇರಿಸಬೇಡಿ.

ಅರ್ಥಕ್ಕೆ ಡೊಬ್ರಾವಾ ಮೊಲ್ಡನೊವಾ ಅವರ ಅಡ್ಡಹೆಸರು ನಿಘಂಟು ಅನುಕೂಲ. ಹೆಚ್ಚಿನ ನಮೂದುಗಳು ಒಂದೆರಡು ಸಾಲಿನವು, ಆದರೆ ಬಗೆ ತಿಳಿಯಲು ಅಷ್ಟು ಸಾಕು.

ಹೆಜ್ಜೆ 3: ಇವತ್ತು ಎಷ್ಟು ಜನ, ಎಲ್ಲಿ

‘ಕ್ದೆಯ್ಸ್ಮೆ’ ಎಂಬ ಚೆಕ್ ತಾಣದಲ್ಲಿ ಅಡ್ಡಹೆಸರು ಹಾಕಿದರೆ ಆ ಹೆಸರಿನವರ ಸಂಖ್ಯೆಯೂ ನಕ್ಷೆಯೂ ಬರುತ್ತವೆ. ಗಂಡು ರೂಪ, ಹೆಣ್ಣು ರೂಪ ಎರಡನ್ನೂ ಬೇರೆ ಬೇರೆಯಾಗಿ ಹಾಕಿ, ಚೆಕ್ ಗುರುತುಗಳ ಸಮೇತ. ನಕ್ಷೆಯ ಘಟಕ ನಮ್ಮ ತಾಲ್ಲೂಕಿನ ಹಾಗೆ: ಪ್ರಾಗ್ ಬಿಟ್ಟು ದೇಶದಲ್ಲಿ 205 ಇವೆ.

ಅಲ್ಲಿ ಕಾಣುವ ಕಚ್ಚಾ ಸಂಖ್ಯೆಯನ್ನು ಹಾಗೇ ನಂಬಬೇಡಿ. ಯಾವ ಹೆಸರು ಹಾಕಿದರೂ ಪ್ರಾಗ್, ಬ್ರ್ನೊ, ಒಸ್ಟ್ರಾವಾ ಮೇಲೆ ಬರುತ್ತವೆ, ಜನ ಇರುವುದೇ ಅಲ್ಲಿ. ಪ್ರತಿ ಘಟಕಕ್ಕೂ ಲಕ್ಷಕ್ಕೆ ಎಷ್ಟು ಎಂದು ಲೆಕ್ಕ ಹಾಕಿ. 40,000 ಜನರ ಘಟಕದಲ್ಲಿ 20 ಮಂದಿ ಸಿಕ್ಕರೆ ಲಕ್ಷಕ್ಕೆ 50. ಹತ್ತು ಲಕ್ಷ ಮೀರಿದ ಪ್ರಾಗ್‌ನಲ್ಲಿ 60 ಮಂದಿ ಇದ್ದರೂ ಲಕ್ಷಕ್ಕೆ ಆರನ್ನು ದಾಟುವುದಿಲ್ಲ. ನಿಮ್ಮ ಕಣ್ಣು ಹೋಗಬೇಕಾದದ್ದು ಮೊದಲನೆಯದರ ಕಡೆಗೆ. ಲಕ್ಷಕ್ಕೆ ಹೆಚ್ಚು ಇರುವ ನಾಲ್ಕೈದು ಘಟಕಗಳನ್ನು ನಕ್ಷೆಯಲ್ಲಿ ಗುರುತಿಸಿ. ಅವು ಒಂದಕ್ಕೊಂದು ತಾಗಿಕೊಂಡಿದ್ದರೆ ಬೇರು ಅಲ್ಲೇ ಹತ್ತಿರದಲ್ಲಿ ಇರುವ ಸಾಧ್ಯತೆ ಬಲವಾಗಿದೆ. ಚದುರಿದ್ದರೆ ಅವಸರ ಬೇಡ. ತೀರ ಅಪರೂಪದ ಹೆಸರಾದರೆ ಒಂದು ಘಟಕದ ಸಂಖ್ಯೆ ಒಂದೇ ಕುಟುಂಬದ ಐದಾರು ಮಂದಿಯೂ ಆಗಿರಬಹುದು. ಒಬ್ಬ ವ್ಯಕ್ತಿ ಮದುವೆಯಾಗಿ ಬಂದು ನೆಲೆಸಿದರೂ ನಕ್ಷೆಯ ಬಣ್ಣ ಬದಲಾಗುತ್ತದೆ.

ಹೆಜ್ಜೆ 4: 1945ರ ಹಿಂದಿನ ನಕ್ಷೆ ಕಟ್ಟಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು, ಹೆಚ್ಚಿನವರು ದಾಟಿಕೊಂಡು ಹೋಗುವುದೂ ಇದನ್ನೇ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಚೆಕೊಸ್ಲೊವಾಕಿಯಾದಿಂದ ಸುಮಾರು 30 ಲಕ್ಷ ಜರ್ಮನ್ ಭಾಷಿಕರನ್ನು ಹೊರಹಾಕಲಾಯಿತು. ಖಾಲಿಯಾದ ಗಡಿನಾಡಿಗೆ ಒಳನಾಡಿನಿಂದ ಚೆಕ್ ಕುಟುಂಬಗಳು ಹೋಗಿ ನೆಲೆಸಿದವು. ಕಾರ್ಲೊವಿ ವಾರಿ, ಊಸ್ಟಿ, ಲಿಬೆರೆಟ್ಸ್ ಕಡೆ ಇವತ್ತು ಕಾಣುವ ಚೆಕ್ ಅಡ್ಡಹೆಸರುಗಳಲ್ಲಿ ಬಹಳಷ್ಟು ಹೀಗೆ ಹೋದವು. ಅಲ್ಲಿ ದಟ್ಟವಾಗಿ ಕಂಡರೆ ‘ಮೂಲ ಇಲ್ಲೇ’ ಎಂದು ಬರೆದುಬಿಡಬಾರದು.

ಹಾಗಾದರೆ 1945ರ ಹಿಂದಿನ ಚಿತ್ರ ಸಿಗುವುದು ಎಲ್ಲಿಂದ? ಎರಡು ಒಳ್ಳೆಯ ದಾರಿಗಳಿವೆ. ಮೊದಲನೆಯದು ಪ್ರಾಗ್‌ನ ಸೈನಿಕ ಇತಿಹಾಸ ದಾಖಲೆಸಂಗ್ರಹದ ಆನ್‌ಲೈನ್ ಪಟ್ಟಿಗಳು: ಮೊದಲ ಮಹಾಯುದ್ಧದಲ್ಲಿ ಸತ್ತವರು, ಮತ್ತು ಅದೇ ಯುದ್ಧದಲ್ಲಿ ಸ್ವಂತ ದೇಶಕ್ಕಾಗಿ ಹೋರಾಡಿದ ಚೆಕೊಸ್ಲೊವಾಕ್ ಲೀಜನ್ ಎಂಬ ಪಡೆ ಸೇರಿದವರು. ಅಡ್ಡಹೆಸರು ಹಾಕಿದರೆ ಹೆಸರು, ಹುಟ್ಟಿದ ವರ್ಷ, ಊರು ಸಿಗುತ್ತವೆ. ಇವರು ಹೆಚ್ಚಾಗಿ 1870ರಿಂದ 1900ರ ನಡುವೆ ಹುಟ್ಟಿದವರು. ಅಪರೂಪದ ಹೆಸರಿಗೆ ಬೆರಳೆಣಿಕೆಯ ನಮೂದುಗಳಷ್ಟೇ ಬಂದರೂ ಅವುಗಳ ಹುಟ್ಟೂರುಗಳನ್ನು ನಕ್ಷೆಯ ಮೇಲೆ ಚುಕ್ಕಿ ಇಟ್ಟು ನೋಡಿ. ಇವತ್ತಿನ ನಕ್ಷೆ ಮಸುಕಾಗಿದ್ದ ಕಡೆ ಆ ಚುಕ್ಕಿಗಳು ಒಂದೆರಡು ಪ್ಯಾರಿಷ್‌ಗಳ (ಒಂದು ಚರ್ಚ್‌ನ ವ್ಯಾಪ್ತಿಗೆ ಸೇರಿದ ಊರುಗಳ) ಸುತ್ತ ಕೂಡಿಕೊಂಡಿರುವುದು ಎಷ್ಟೋ ಸಲ ಕಾಣುತ್ತದೆ.

ಎರಡನೆಯದು ಪ್ರಾಗ್ ಪೊಲೀಸ್ ನಿರ್ದೇಶನಾಲಯದ ನಿವಾಸಿ ಹಾಳೆಗಳು, 1850ರಿಂದ 1914ರವರೆಗಿನವು. ರಾಷ್ಟ್ರೀಯ ದಾಖಲೆಸಂಗ್ರಹ ಇವನ್ನು ಆನ್‌ಲೈನ್‌ನಲ್ಲಿಟ್ಟಿದೆ. ಪ್ರಾಗ್‌ಗೆ ಕೆಲಸ ಹುಡುಕಿ ಬಂದವನ ಹಾಳೆಯಲ್ಲಿ ಹೆಂಡತಿ ಮಕ್ಕಳ ಹೆಸರಿನ ಜೊತೆ ಹುಟ್ಟೂರೂ, ‘ದೊಮೊವ್‌ಸ್ಕೆ ಪ್ರಾವೊ’ (ಊರಿನವನೆಂಬ ಹಕ್ಕು) ಇದ್ದ ಊರೂ ಇರುತ್ತದೆ. ಈ ಹಕ್ಕು ತಂದೆಯಿಂದ ಮಕ್ಕಳಿಗೆ ಬರುತ್ತಿತ್ತು: ಬಡತನ ಬಂದರೆ ನೋಡಿಕೊಳ್ಳಬೇಕಾದ ಊರು ಯಾವುದು ಎಂಬುದನ್ನು ಅದು ಹೇಳುತ್ತಿತ್ತು. ಪ್ರಾಗ್‌ನಲ್ಲೇ ಹುಟ್ಟಿ ಬೆಳೆದವನ ಹಕ್ಕು ಕೂಡ ಅಜ್ಜನ ಹಳ್ಳಿಯಲ್ಲೇ ಇರಬಹುದು. ಹುಟ್ಟೂರಿಗಿಂತ ಈ ಊರಿನ ಹೆಸರು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 5: ಚರ್ಚ್ ಪುಸ್ತಕಗಳಿಗೆ ಇಳಿಯಿರಿ

ಹುಟ್ಟು, ಮದುವೆ, ಸಾವಿನ ಪುಸ್ತಕಗಳಿಗೆ ಚೆಕ್‌ನಲ್ಲಿ ‘ಮತ್ರಿಕಿ’ ಎನ್ನುತ್ತಾರೆ. ಇವು ಪ್ರಾದೇಶಿಕ ದಾಖಲೆಸಂಗ್ರಹಗಳ ತಾಣಗಳಲ್ಲಿ ಉಚಿತವಾಗಿ ನೋಡಲು ಸಿಗುತ್ತವೆ. ದೇಶದ ಪಶ್ಚಿಮಭಾಗವಾದ ಬೊಹೀಮಿಯಾದಲ್ಲಿ ದಕ್ಷಿಣದ ಊರಾದರೆ ಟ್ರೆಬೋನ್, ಪಶ್ಚಿಮದ್ದಾದರೆ ಪ್ಲ್ಜೆನ್, ಉತ್ತರದ್ದು ಲಿಟೊಮೆರಿಟ್ಸೆ, ಪೂರ್ವದ್ದು ಜಾಮ್ರ್ಸ್ಕ್, ನಡುಭಾಗದ್ದು ಪ್ರಾಗ್, ದಕ್ಷಿಣ ಮೊರಾವಿಯಾದ್ದು ಬ್ರ್ನೊ, ಉತ್ತರ ಮೊರಾವಿಯಾ ಮತ್ತು ಸೈಲೀಸಿಯಾದ್ದು ಒಪವಾ. ಪ್ರಾಗ್ ನಗರದ ಪುಸ್ತಕಗಳು ನಗರ ದಾಖಲೆಸಂಗ್ರಹದಲ್ಲಿ ಬೇರೆಯಾಗಿವೆ. ಹಳ್ಳಿಯ ಹೆಸರು ಗೊತ್ತಿದ್ದರೆ ಸಾಲದು, ಅದು ಯಾವ ಪ್ಯಾರಿಷ್‌ಗೆ ಸೇರಿತ್ತು ಎಂದು ನೋಡಬೇಕು. ಕಾಲದಿಂದ ಕಾಲಕ್ಕೆ ಪ್ಯಾರಿಷ್ ಬದಲಾಗಿರುತ್ತದೆ.

ಹುಟ್ಟಿನ ಪುಸ್ತಕ ಕೊನೆಯ ನಮೂದಿನಿಂದ 100 ವರ್ಷ, ಮದುವೆಯದು 75 ವರ್ಷ ದಾಟುವವರೆಗೆ ಸ್ಥಳೀಯ ನೋಂದಣಿ ಕಚೇರಿಯಲ್ಲೇ ಇರುತ್ತದೆ. ಆ ಅವಧಿಯ ನಮೂದು ಬೇಕಾದರೆ ಸಂಬಂಧ ತೋರಿಸುವ ದಾಖಲೆಯೊಂದಿಗೆ ಕಚೇರಿಗೆ ಅರ್ಜಿ ಹಾಕಬೇಕು.

ಇವತ್ತಿನಿಂದ ಹಿಂದಕ್ಕೆ, ಒಂದೊಂದೇ ತಲೆಮಾರು ಹತ್ತಿ. 1784ರಲ್ಲಿ, ಆಗ ಈ ನಾಡನ್ನು ಆಳುತ್ತಿದ್ದ ಚಕ್ರವರ್ತಿ ಎರಡನೆಯ ಜೋಸೆಫ್ ಹೊರಡಿಸಿದ ಆಜ್ಞೆಯಿಂದ ಪುಸ್ತಕಗಳಿಗೆ ಕಟ್ಟುನಿಟ್ಟಾದ ಕಾಲಂಗಳು ಬಂದವು. ತಾರೀಖು, ಮನೆ ನಂಬರು, ಧರ್ಮ, ಲಿಂಗ, ವಿವಾಹದಲ್ಲಿ ಹುಟ್ಟಿದ್ದೋ ಹೊರಗೋ, ತಂದೆತಾಯಿ, ಜ್ಞಾನಪಿತೃಗಳು, ಎಲ್ಲಕ್ಕೂ ಜಾಗವಿದೆ. ಮನೆ ನಂಬರೇ ನಿಮ್ಮ ದಾರಿದೀಪ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ಯಾನ್‌ಗಳಿದ್ದರೆ ಬೇರ್ಪಡಿಸುವುದು ಅದೊಂದೇ. ಅದಕ್ಕೆ ಹಿಂದಿನ ಪುಸ್ತಕಗಳು ಸಾಲುಸಾಲು ಗದ್ಯ. ಲ್ಯಾಟಿನ್‌ನಲ್ಲಿದ್ದರೆ ಮೊದಲ ಹೆಸರುಗಳೂ ವೇಷ ಬದಲಿಸಿರುತ್ತವೆ: ಯಿರ್ಶಿ ಇದ್ದವನು ಗೆಯೊರ್ಗಿಯುಸ್, ವಾಟ್ಸ್ಲಾವ್ ಇದ್ದವನು ವೆನ್ಸೆಸ್ಲಾವುಸ್, ವೊಯ್ಟೆಕ್ ಇದ್ದವನು ಅಡಲ್ಬೆರ್ಟುಸ್. ಕೊನೆಯದು ಗೊತ್ತಿಲ್ಲದೆ ಇಬ್ಬರು ಬೇರೆ ಅಣ್ಣತಮ್ಮಂದಿರು ಎಂದು ತಿಳಿಯುವುದು ಸಾಮಾನ್ಯ.

ಪುಸ್ತಕದ ಕೊನೆಯಲ್ಲಿ ಸೂಚಿ ಇದ್ದರೆ ಮೊದಲು ಅದು ಯಾವ ಕ್ರಮದಲ್ಲಿದೆ ನೋಡಿ. ಹಳೆಯ ಸೂಚಿಗಳಲ್ಲಿ ಎಷ್ಟೋ ಸಲ ಅಡ್ಡಹೆಸರಿನ ಬದಲು ಮೊದಲ ಹೆಸರಿನ ಕ್ರಮ ಇರುತ್ತದೆ. ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹದಲ್ಲಿ ಸಣ್ಣ ‘ಇ’ ಮತ್ತು ಸಣ್ಣ ‘ಎನ್’ ಹೆಚ್ಚುಕಡಿಮೆ ಒಂದೇ ರೀತಿ. ನಮ್ಮ ಹೆಸರಿನಲ್ಲಿ ಮೂರು ಕಡೆ ‘ಇ’ ಬರುವುದರಿಂದ ಓದು ತಪ್ಪುವುದು ಸುಲಭ. ಅದೇ ಪಾದ್ರಿ ಬರೆದ ಗೊತ್ತಿರುವ ಪದಗಳನ್ನು, ಅಂದರೆ ತಿಂಗಳ ಹೆಸರು, ಊರಿನ ಹೆಸರನ್ನು ತೆಗೆದು ಅವನ ಅಕ್ಷರಗಳ ಮಾದರಿ ಮೊದಲು ಮಾಡಿಕೊಳ್ಳಿ.

ಪ್ರತಿ ನಮೂದಿಗೂ ವರ್ಷ, ಊರು, ಮನೆ ನಂಬರು, ಪುಸ್ತಕದಲ್ಲಿದ್ದ ಹಾಗೇ ಹೆಸರಿನ ಕಾಗುಣಿತ, ಪುಸ್ತಕದ ಗುರುತು ಸಂಖ್ಯೆ, ತಾಣದಲ್ಲಿ ಆ ಪುಟದ ಚಿತ್ರ ಸಂಖ್ಯೆ ಬರೆದಿಡಿ. ಹುಡುಕಿ ಸಿಗದ ವರ್ಷಗಳನ್ನೂ ಬರೆಯಿರಿ. ಕಾಗುಣಿತವನ್ನು ನೀವೇ ತಿದ್ದಿ ಈಗಿನ ರೂಪಕ್ಕೆ ತಂದರೆ ಸುಳಿವು ಸತ್ತುಹೋಗುತ್ತದೆ.

ಇಲ್ಲಿ ಎಡವುವುದು ಎಲ್ಲಿ

ಅಡ್ಡಹೆಸರು ಬದಲಾಗದಂತೆ ಗಟ್ಟಿಯಾದದ್ದು 1786ರ ಆಜ್ಞೆಯ ನಂತರ. ಅದಕ್ಕೆ ಮುಂಚೆ ಹೆಸರು ಮನುಷ್ಯನಿಗಿಂತ ಹೆಚ್ಚಾಗಿ ಜಮೀನಿಗೆ ಅಂಟಿಕೊಂಡಿರುತ್ತಿತ್ತು. ವಿಧವೆಯನ್ನು ಮದುವೆಯಾಗಿ ಆಕೆಯ ಹೊಲಮನೆಗೆ ಬಂದವನನ್ನು ಊರವರು ಹಿಂದಿನ ಯಜಮಾನನ ಹೆಸರಿನಿಂದಲೇ ಕರೆಯುತ್ತಿದ್ದರು. ದಕ್ಷಿಣ ಬೊಹೀಮಿಯಾದಲ್ಲಿ ಇದು ಬಹಳ. ಪುಸ್ತಕದಲ್ಲಿ ಎರಡು ಹೆಸರುಗಳ ನಡುವೆ ‘ಯಿನಕ್’, ‘ಅಲಿಯಾಸ್’, ‘ವುಲ್ಗೊ’ (ಎಲ್ಲಕ್ಕೂ ‘ಇನ್ನೊಂದು ಹೆಸರಿನಲ್ಲಿ’ ಎಂಬಂಥ ಅರ್ಥ) ಎಂಬ ಪದ ಕಂಡರೆ ನಿಲ್ಲಿ. ನೀವು ಹತ್ತುತ್ತಿರುವುದು ರಕ್ತದ ಸಾಲೋ, ಮನೆಯ ಹೆಸರಿನ ಸಾಲೋ ಎಂದು ಅಲ್ಲೇ ತೀರ್ಮಾನ ಆಗಬೇಕು.

ಮದುವೆಯ ಹೊರಗೆ ಹುಟ್ಟಿದ ಮಗುವಿಗೆ ತಾಯಿಯ ಹೆಸರು ಹೋಗುತ್ತದೆ, ಮಲತಂದೆಯ ಹೆಸರೂ ಬರಬಹುದು. ಟೆನಿಸ್ ಆಟಗಾರ್ತಿ ಮಾರ್ಟಿನಾ ನವ್ರಾಟಿಲೋವಾ ಹುಟ್ಟಿದಾಗ ಶುಬರ್ಟೊವಾ ಆಗಿದ್ದರು, ನವ್ರಾಟಿಲ್ ಮಲತಂದೆಯ ಹೆಸರು. ಯಹೂದಿ ಕುಟುಂಬಗಳ ಕಥೆಯೇ ಬೇರೆ. 1787ರ ಆಜ್ಞೆಯಂತೆ ಅವರು ಸ್ಥಿರವಾದ ಅಡ್ಡಹೆಸರು ಇಟ್ಟುಕೊಳ್ಳಬೇಕಾಯಿತು, ಅವರ ಪುಸ್ತಕಗಳೂ ಬೇರೆ.

ಹೆಜ್ಜೆ 6: ಚರ್ಚ್ ಪುಸ್ತಕಕ್ಕೂ ಹಿಂದೆ

ಬಹಳ ಪ್ಯಾರಿಷ್‌ಗಳ ಪುಸ್ತಕ ಶುರುವಾಗುವುದು 17ನೆಯ ಶತಮಾನದಲ್ಲಿ. ಬೊಹೀಮಿಯಾದ ಊರಾದರೆ 1651ರಲ್ಲಿ ಧರ್ಮದ ಪ್ರಕಾರ ಮಾಡಿದ ಒಕ್ಕಲುಗಳ ಪಟ್ಟಿಯನ್ನೂ 1654ರ ‘ಬೆರ್ನಿ ರುಲಾ’ ತೆರಿಗೆ ಪಟ್ಟಿಯನ್ನೂ ನೋಡಿ. ಮೊದಲನೆಯದರಲ್ಲಿ ಮನೆಮಂದಿಯ ವಯಸ್ಸೂ ಇದೆ, ಎರಡನೆಯದರಲ್ಲಿ ಜಮೀನಿನ ಯಜಮಾನ ಮಾತ್ರ. ಎರಡೂ ಮೂವತ್ತು ವರ್ಷಗಳ ಯುದ್ಧ (1618–1648) ಮುಗಿದ ಬೆನ್ನಿಗೇ ಆದವು, ಪಾಳುಬಿದ್ದ ಮನೆಗಳ ಲೆಕ್ಕವೂ ಅಲ್ಲಿ ಸಿಗುತ್ತದೆ. ಮೊರಾವಿಯಾಕ್ಕೆ ಅದೇ ಶತಮಾನದ ‘ಲಾನೊವೆ ರೆಯ್ಸ್ಟ್ರ್ಶೀಕಿ’ ಎಂಬ ಜಮೀನು ಪಟ್ಟಿಗಳು. ಅಲ್ಲಿ ಹಿಂದಿನ ಯಜಮಾನನ ಹೆಸರನ್ನೂ ಬರೆದಿರುವುದರಿಂದ ಒಂದು ತಲೆಮಾರು ಹೆಚ್ಚಿಗೆ ದಕ್ಕುತ್ತದೆ.

ಇವೆಲ್ಲದಕ್ಕಿಂತ ಸಮೃದ್ಧವಾದದ್ದು ಊರಿನ ಜಮೀನು ಪುಸ್ತಕ. ಒಬ್ಬ ರೈತ ಹೊಲಮನೆ ಕೊಂಡರೆ ದುಡ್ಡನ್ನು ವರ್ಷವರ್ಷ ಕಂತಿನಲ್ಲಿ ಕಟ್ಟುತ್ತಿದ್ದ, ಯಾರ ಪಾಲು ಯಾರಿಗೆ ಸಂದಿತು ಎಂಬುದನ್ನು ಅಲ್ಲಿ ಬರೆಯುತ್ತಿದ್ದರು. ಹೆಸರು ಮೊದಲ ಸಲ ಕಾಣಿಸಿಕೊಳ್ಳುವ ಸಾಧ್ಯತೆ ಇಲ್ಲಿಯೇ ಹೆಚ್ಚು.

ಹೆಜ್ಜೆ 7: ದೇಶದ ಹೊರಗಿನ ಕೊಂಬೆಗಳು

ವಿಯೆನ್ನಾವನ್ನು ಮರೆಯಬೇಡಿ. ಚೆಕ್ ನಾಡು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ ಲಕ್ಷಾಂತರ ಚೆಕ್ ಜನ ಅಲ್ಲಿ ದುಡಿದರು, ಅವರ ಅಡ್ಡಹೆಸರು ಜರ್ಮನ್ ಕಾಗುಣಿತದಲ್ಲಿ ಇಂದಿಗೂ ಉಳಿದಿದೆ. ಅಮೆರಿಕದಲ್ಲಿ ಟೆಕ್ಸಾಸ್, ನೆಬ್ರಾಸ್ಕಾ, ಷಿಕಾಗೊ ನೋಡಬೇಕು. ಅಲ್ಲಿ ‘ಒವಾ’ ಬೇಗ ಉದುರಿಹೋಯಿತು, ಆದ್ದರಿಂದ ಹೆಂಗಸರನ್ನೂ ಗಂಡು ರೂಪದಲ್ಲೇ ಹುಡುಕಿ. ಹಡಗಿನ ಪಟ್ಟಿಗಳಲ್ಲಿ ಹ್ಯಾಂಬರ್ಗ್ ಬಂದರಿನವು 1850ರಿಂದ 1934ರವರೆಗೆ ಉಳಿದಿವೆ. ಬ್ರೆಮೆನ್ ಬಂದರಿನವು ಬಹುಪಾಲು ನಾಶವಾಗಿವೆ, ಆ ದಾರಿಯಲ್ಲಿ ಹೋದವರನ್ನು ಅಮೆರಿಕ ಕಡೆಯ ಪಟ್ಟಿಗಳಲ್ಲೇ ಹಿಡಿಯಬೇಕು.

ಹೆಜ್ಜೆ 8: ಎರಡು ಕೊಂಬೆ, ಬೇರು ಒಂದೋ ಎರಡೋ?

ಪುಸ್ತಕಗಳಲ್ಲಿ ಎರಡು ದೂರದ ಪ್ಯಾರಿಷ್‌ಗಳಲ್ಲಿ ಒಂದೇ ಹೆಸರು ಸಿಕ್ಕಿ, ನಡುವಿನ ಕೊಂಡಿ ಕಾಣದಿದ್ದಾಗ ತಂದೆಯಿಂದ ಮಗನಿಗೆ ಮಾತ್ರ ಹೋಗುವ ವೈ ಡಿಎನ್‌ಎಯ ಪರೀಕ್ಷೆ ನೆರವಾಗುತ್ತದೆ. ಎರಡೂ ಕಡೆಯಿಂದ ತಂದೆಯ ಸಾಲಿನಲ್ಲಿ ಬಂದ ಒಬ್ಬೊಬ್ಬ ಗಂಡಸು ಒಪ್ಪಿಗೆ ಕೊಟ್ಟು 37 ಗುರುತುಗಳ ಪರೀಕ್ಷೆ ಮಾಡಿಸಲಿ. ಒಂದೆರಡು ಗುರುತುಗಳಲ್ಲಷ್ಟೇ ವ್ಯತ್ಯಾಸ ಬಂದರೆ ಸಮಾನ ಪೂರ್ವಜ ಇರುವ ಸಾಧ್ಯತೆ ಹೆಚ್ಚು. ಹತ್ತಕ್ಕೂ ಮಿಕ್ಕಿ ವ್ಯತ್ಯಾಸ ಬಂದರೆ ತಂದೆಯ ಸಾಲು ಬೇರೆ ಎಂದಾಯಿತು. ಆಗಲೂ ಹೆಸರಿನ ಮೂಲ ಎರಡು ಎಂದು ತಕ್ಷಣ ಬರೆಯಬೇಡಿ. ಮನೆಯ ಹೆಸರು ಹೊತ್ತ ಅಳಿಯನೋ, ತಾಯಿಯ ಹೆಸರು ಪಡೆದ ಮಗನೋ ನಡುವೆ ಇದ್ದಾನೆಯೇ ಎಂದು 1786ರ ಹಿಂದುಮುಂದಿನ ಪುಸ್ತಕಗಳನ್ನು ಎರಡೂ ಊರುಗಳಲ್ಲಿ ಮತ್ತೊಮ್ಮೆ ತೆಗೆದು, ‘ಯಿನಕ್’ ಎಂಬ ಪದಕ್ಕೂ ವಿವಾಹದ ಹೊರಗಿನ ಹುಟ್ಟಿನ ಕಾಲಂಗೂ ಕಣ್ಣಿಟ್ಟು ಓದಿ.